ಗವಸು ಹೊಲಿಯುವವಳ ಹೆಸರಿನ ಮೇಲೆ ಎಳೆದ ಗೆರೆ

ಇತಿಹಾಸದ ಪ್ರಾಧ್ಯಾಪಕನಾಗಿ ನಿವೃತ್ತನಾದ ನಂತರ ಸಪ್ತಾಪುರದ ಮನೆಯಲ್ಲಿ ಹಳೆಯ ಟಿಪ್ಪಣಿಗಳ ದಿನಾಂಕಗಳನ್ನು ತಾಳೆ ನೋಡುತ್ತ ಕುಳಿತಿದ್ದ ನನಗೆ ಗರಗದಿಂದ ಕರೆ ಬಂತು. ಅಲ್ಲಿಯ ನೂಲುವ ಹೆಂಗಸರ ಸಂಘ, ಮಸೀದಿಯ ಕಮಿಟಿ, ಮಠದ ಭಕ್ತಮಂಡಳಿ ಮೂರೂ ಕೂಡಿ ಬಡ ಮನೆಗಳಿಗೆ ಹೊಲಿಗೆ ಯಂತ್ರ ಕೊಡಿಸಲು ನಿಶ್ಚಯಿಸಿದ್ದವು. ದುಡಿಯುವವನು ತೀರಿಕೊಂಡು ವರ್ಷ ತುಂಬಿದ ಮನೆಗಳಿಗೆ ಮೊದಲು ಎಂಬುದು ಅವರ ನಿಯಮ. ಪಟ್ಟಿಯನ್ನು ಪರಿಶೀಲಿಸುವ ಕೆಲಸ ನನ್ನದಾಯಿತು.

ಅದರಲ್ಲಿ ಗಾದಿಯ ಗವಸುಗಳನ್ನು ಕೈಯಿಂದ ಹೊಲಿಯುವ ಒಬ್ಬ ವಿಧವೆಯಿದ್ದಳು. ಯಂತ್ರ ಬಂದರೆ ಮಗಳನ್ನು ಕೆಲಸಕ್ಕೆ ಕೂರಿಸದೆ ಶಾಲೆಯಲ್ಲೇ ಉಳಿಸಬಹುದೆಂಬ ಆಸೆ ಆಕೆಗೆ. ಗಂಡ ಹೋದ ವರ್ಷದ ಬಕ್ರೀದಿಗೆ ಎಂಟು ದಿನ ಮೊದಲು ತೀರಿಕೊಂಡನೆಂದಳು. ಮರಣಪತ್ರದಿಂದ ನಾನು ಬರೆದುಕೊಂಡಿದ್ದ ದಿನಾಂಕವಾದರೋ ಅದಕ್ಕಿಂತ ಐದು ತಿಂಗಳು ಈಚಿನದು. ಆ ಪ್ರಕಾರ ವರ್ಷ ತುಂಬಿರಲಿಲ್ಲ.

ಸಂಘದ ಹಿರಿಯಾಕೆ ನಕ್ಕಳು: “ಆಂವನ ಮಣ್ಣಿಗೆ ನಾವೆಲ್ಲಾ ಹೋಗಿದ್ವಿರಿ ಸರ. ನಿಮಗ ಬೆಳಗಾದದ್ದೂ ಕ್ಯಾಲೆಂಡರ್ ನೋಡಿದ ಮ್ಯಾಲೇ ಖರೇ ಏನ್ರಿ?”

ನಾನು ನಗಲಿಲ್ಲ. ನೆನಪು ಸಾಕ್ಷ್ಯವಾಗದೆಂದು ಮೂರೂ ಗುಂಪುಗಳೆದುರು ಸಣ್ಣದೊಂದು ಉಪನ್ಯಾಸವನ್ನೇ ಮಾಡಿ ಆಕೆಯ ಹೆಸರಿನ ಮೇಲೆ ಗೆರೆ ಎಳೆದೆ. ಕಲಿತವನ ಮಾತೆಂದು ಅವರು ಒಪ್ಪಿಕೊಂಡರು. “ನಾ ಸುಳ್ಳ ಹೇಳಿಲ್ರಿ” ಎಂದಷ್ಟೇ ಹೇಳಿ ಆಕೆ ಎದ್ದುಹೋದಳು.

ತಿಂಗಳುಗಳ ಮೇಲೆ, ಕಾಗದಗಳನ್ನು ಕಟ್ಟಿಡುವಾಗ ಆ ಮರಣಪತ್ರದ ನಕಲು ಕೈಗೆ ಸಿಕ್ಕಿತು. ಅದರಲ್ಲಿ ಎರಡು ದಿನಾಂಕಗಳಿದ್ದವು: ಮರಣದ್ದೊಂದು, ತಡವಾಗಿ ನೋಂದಾಯಿಸಿದ್ದು ಇನ್ನೊಂದು. ನಾನು ಎರಡನೆಯದನ್ನು ಬರೆದುಕೊಂಡಿದ್ದೆ. ಆಮೇಲೆ ತಾಳೆ ನೋಡಿದಾಗಲೆಲ್ಲ ಮೂಲವನ್ನು ಬಿಟ್ಟು ನನ್ನ ಟಿಪ್ಪಣಿಯನ್ನೇ ನೋಡಿದ್ದೆ. ವಿದ್ಯಾರ್ಥಿಗಳಲ್ಲಿ ನಾನು ಎಂದೂ ಕ್ಷಮಿಸದಿದ್ದ ತಪ್ಪು ಅದು.

ಮರುದಿನವೇ ಗರಗಕ್ಕೆ ಹೋದೆ. ತಾಯಿಯ ಪಕ್ಕದಲ್ಲಿ ಮಗಳು ಕುಳಿತು ಅರಳೆ ಬಿಡಿಸುತ್ತಿದ್ದಳು. ಪಟ್ಟಿ ಹೊರಬಿದ್ದ ತಿಂಗಳೇ ಶಾಲೆ ಬಿಟ್ಟಿದ್ದಳಂತೆ. ತಪ್ಪು ನನ್ನದೆಂದೆ, ಮುಂದಿನ ಯಂತ್ರ ಕೊಡಿಸಲು ಕೇಳುವೆನೆಂದೆ.

“ಮಷೀನ್ ಕೊಟ್ರ ತೊಗೋತೇನಿ” ಎಂದಳು ತಾಯಿ. “ಆದ್ರ ಅವತ್ತ ಎಲ್ಲಾರ ಮುಂದ ನನ್ನ ಮಾತ ಸುಳ್ಳ ಮಾಡಿದ್ರಿ. ಈಗ ಮನ್ಯಾಗ ಬಂದು ತಪ್ಪಾತು ಅಂದ್ರ ಹೆಂಗ್ರಿ ಸರ?”

ಮುಂದಿನ ಸಭೆಯಲ್ಲಿ ಎದ್ದು ನಿಂತು ಎರಡೂ ದಿನಾಂಕಗಳನ್ನು ಓದಿದೆ. ಆಕೆ ಹೇಳಿದ್ದೇ ಸತ್ಯವೆಂದೆ. ಆಕೆಗೆ ಯಂತ್ರ ದೊರೆಯಿತು. ಈ ಜೂನ್‌ನಲ್ಲಿ ಹುಡುಗಿ ಶಾಲೆಗೆ ಮರಳಿದಳು, ತನಗಿಂತ ಚಿಕ್ಕವರ ತರಗತಿಗೆ. ಹಳೆಯ ಗೆಳತಿಯರು ಎದುರಾದರೆ ಬೇರೆ ದಾರಿ ಹಿಡಿಯುತ್ತಾಳೆಂದು ತಾಯಿ ಹೇಳಿದಳು. ಹೇಳುವಾಗ ನನ್ನನ್ನು ದೂರಲಿಲ್ಲ.