ಆಟದಲ್ಲಿ ದೊಡ್ಡಪ್ಪನನ್ನು ಮನುಷ್ಯ ಮಾಡಿದ್ದು

ರಾಕ್ಷಸನನ್ನು ಹುಟ್ಟಿಸುವುದು ಸುಲಭ, ಮನುಷ್ಯನನ್ನು ಹುಟ್ಟಿಸುವುದೇ ಕಷ್ಟ ಎಂದು ನನಗೆ ಹೇಳಿದವನು ನನ್ನ ಚಿಕ್ಕಪ್ಪನ ಮಗ. ಕಳಸಕ್ಕೆ ಇಂಟರ್ನೆಟ್ ಬಂದ ಹೊಸತರಲ್ಲಿ ಅವನು ತನ್ನ ಎಸ್‌ಟಿಡಿ ಬೂತಿಗೆ ಪ್ಲೈವುಡ್ ಅಡ್ಡ ಹೊಡೆಸಿ, ಹಿಂದೆ ಎರಡು ಕಂಪ್ಯೂಟರ್ ಇಟ್ಟಿದ್ದ. ಫೋನಿಗೂ ಇಂಟರ್ನೆಟ್ಟಿಗೂ ಒಂದೇ ಲೈನು. ಯಾರಾದರೂ ಮೂಡಿಗೆರೆಗೆ ಫೋನ್ ಮಾಡಬೇಕೆಂದರೆ ಒಳಗೆ ಕೂತವರು ಪ್ರಪಂಚದ ಸಂಪರ್ಕ ಕಡಿದುಕೊಳ್ಳಬೇಕು.

ಅವನು ಆಡುತ್ತಿದ್ದ ಆಟದಲ್ಲಿ ಚಿತ್ರವಿಲ್ಲ, ಗುಂಡಿನ ಸದ್ದಿಲ್ಲ. ಎಲ್ಲವೂ ಬರವಣಿಗೆ. ಯಾವ ಯಾವುದೋ ದೇಶದವರು ಒಂದೊಂದು ಪಾತ್ರ ಮಾಡಿಕೊಂಡು, ಆ ಪಾತ್ರ ಏನು ಮಾಡಿತು, ಏನಂದಿತು ಎಂದು ಇಂಗ್ಲಿಷಿನಲ್ಲಿ ಬರೆದು ಹಾಕುತ್ತಿದ್ದರು. ಇನ್ನೊಬ್ಬರು ಅದಕ್ಕೆ ಉತ್ತರ ಬರೆಯುತ್ತಿದ್ದರು. ಆಟ ನಡೆಸುವಾಕೆ ಎಲ್ಲೋ ಸಮುದ್ರದಾಚೆಯ ಹೆಂಗಸು. ಪಾತ್ರ ನಂಬುವಂತಿದೆ ಎಂದು ಆಕೆ ಒಪ್ಪಿದರೆ ಮಾತ್ರ ಒಳಗೆ ಪ್ರವೇಶ. ನನ್ನ ಈ ತಮ್ಮ ಅಲ್ಲಿ ಮೂರು ತಲೆಯ ರಾಕ್ಷಸ. ಒಪ್ಪಿಗೆ ಒಂದೇ ದಿನದಲ್ಲಿ ಸಿಕ್ಕಿತ್ತಂತೆ.

"ಅಕ್ಕಾ, ನೀನು ಬಿ.ಎ. ಇಂಗ್ಲಿಷ್ ಓದ್ದೋಳು. ಒಂದು ಮನುಷ್ಯನ್ನ ಮಾಡು ನೋಡಣ. ಮನೇಲಿ ಕೂತು ಆ ಜೀಪಿನ ಕತೆ ಅರ್ದಿದ್ದು ಸಾಕು," ಎಂದ.

ಅರೆಯುತ್ತಿದ್ದುದು ನಿಜ. ತಿಂಗಳಾಗಿದ್ದರೂ ನಾನು ಜೀಪು ಹತ್ತಿರಲಿಲ್ಲ. ಕಣ್ಣು ಮುಚ್ಚಿದರೆ ಮುಂದಿನ ಗಾಜಿನಲ್ಲಿ ರಸ್ತೆ ಇರುತ್ತಿರಲಿಲ್ಲ, ಬರೀ ಆಕಾಶ.

ಅವತ್ತು ಕಳಸದ ಸಂತೆ ಮುಗಿಸಿ ಊರಿಗೆ ಹೊರಟಿದ್ದೆವು. ನಮ್ಮ ಕಡೆ ಜೀಪಿನಲ್ಲಿ ಕೂರುವುದಕ್ಕೂ ಒಂದು ಮರ್ಯಾದೆಯಿದೆ. ಮುಂದಿನ ಸೀಟಿನ ಎಡ ಅಂಚು ಹಿರಿಯರಿಗೆ, ಹಿಂದಿನ ಬೆಂಚು ಹೆಂಗಸರಿಗೆ, ಹಿಂದೆ ಜೋತುಬೀಳುವ ಸುಖ ಗಂಡಸರಿಗೆ. ಎಡ ಅಂಚಿನಲ್ಲಿ ದೊಡ್ಡಪ್ಪ ಕೂತಿದ್ದರು. ಸ್ವಂತ ದೊಡ್ಡಪ್ಪ ಅಲ್ಲ, ಪಕ್ಕದ ತೋಟದವರು. ನಂಟು ಏನೆಂದು ಬಿಡಿಸಿ ಹೇಳಲು ಹೊರಟರೆ ಊಟದ ಹೊತ್ತಾಗುತ್ತದೆ. ಇಸ್ತ್ರಿ ಮಾಡಿದ ಪಂಚೆ, ಅರ್ಧ ತೋಳಿನ ಅಂಗಿ, ಬಾಯಲ್ಲಿ ಸದಾ ಕಾಳುಮೆಣಸಿನ ಮಾತು. ನಾನು ಹಿಂದಿನ ಬೆಂಚಿನ ತುದಿಯಲ್ಲಿದ್ದೆ.

ಇಳಿಜಾರಿನ ತಿರುವಿನಲ್ಲಿ ಕಾಫಿ ಮೂಟೆ ಹೊತ್ತ ಲಾರಿ ಎದುರಾಯಿತು. ಡ್ರೈವರ್ ಸೈಡ್ ಕೊಡಲು ಎಡಕ್ಕೆ ಒತ್ತಿದ. ಅಂಚಿನ ಮಣ್ಣು ಕುಸಿಯಿತು. ಮುಂದಿನ ಎಡಚಕ್ರ ರಸ್ತೆ ಬಿಟ್ಟು ಗಾಳಿಯಲ್ಲಿ ನಿಂತಿತು. ಕೆಳಗೆ, ಬಹಳ ಕೆಳಗೆ, ಭದ್ರಾ ಹೊಳೆ.

ಆಗ ನಮ್ಮ ಜನ ಮಾಡಿದ್ದನ್ನು ಬೇರೆ ಯಾವ ಜನವೂ ಮಾಡಲಾರರು. ಹಿಂದೆ ಜೋತುಬಿದ್ದಿದ್ದ ಗಂಡಸರೆಲ್ಲ ಟಣ್ಣನೆ ಕೆಳಗೆ ಹಾರಿದರು. ಹೆದರಿ ಅಲ್ಲ, ಒಳಗಿರುವ ಹೆಂಗಸರು ಇಳಿಯಲು ದಾರಿ ಬಿಡಬೇಕಲ್ಲ ಎಂದು. "ಬನ್ನಿ ಅಕ್ಕಾ, ನೀವು ಮೊದ್ಲು," ಎಂದು ಒಬ್ಬ ಕೈಯನ್ನೂ ಚಾಚಿದ. ಹಿಂದಿನ ಭಾರ ಕಡಿಮೆಯಾದದ್ದೇ ಜೀಪಿನ ಮೂತಿ ಕೆಳಗೆ ಬಾಗಿತು. ನಾನು ಕೂತ ಬೆಂಚು ಮೇಲೆದ್ದಿತು.

"ಹತ್ರೋ! ಎಲ್ಲ ವಾಪಸ್ ಹತ್ರೋ ಮಾರಾಯ್ರೆ! ನಿಮ್ ಮರ್ಯಾದೆಗೆ ಬೆಂಕಿ ಬಿತ್ತು!" ಡ್ರೈವರ್ ಬ್ರೇಕಿನ ಮೇಲೆ ನಿಂತೇ ಕಿರುಚಿದ.

ಹತ್ತಿದರು. ಲಾರಿಯವರೂ ಓಡಿಬಂದು ಹಿಂದೆ ನೇತುಬಿದ್ದರು. ಮೂತಿ ಸ್ವಲ್ಪ ಮೇಲೆ ಬಂತು. ಮುಂದೆ ಕೂತವರು ಒಬ್ಬೊಬ್ಬರೇ ಸೀಟು ದಾಟಿ ಹಿಂದಕ್ಕೆ ಬರಲಿ ಎಂದ ಡ್ರೈವರ್. ಮಧ್ಯ ಕೂತಿದ್ದ ಇಬ್ಬರು ನಮ್ಮ ತೊಡೆ ತಲೆ ಎಲ್ಲ ತುಳಿದುಕೊಂಡು ಬಂದರು. ಉಳಿದದ್ದು ದೊಡ್ಡಪ್ಪ.

"ಬನ್ನಿ, ಎದ್ದು ಬನ್ನಿ."

"ಹೆಂಗಸ್ರು ಮೊದ್ಲು ಇಳೀಲಿ," ಎಂದರು ದೊಡ್ಡಪ್ಪ, ತಿರುಗಿಯೂ ನೋಡದೆ.

"ಹೆಂಗಸ್ರು ಇಳಿದ್ರೆ ನೀವು ಹೊಳೇಲಿರ್ತೀರಿ! ಅವ್ರೇ ಈಗ ಭಾರ!"

"ಇರ್ಲಿ. ಹೆಂಗಸ್ರು ಇಳೀಲಿ."

ನಾವು ಇಳಿಯುವಂತಿಲ್ಲ, ಅವರು ಏಳುವುದಿಲ್ಲ. ಆ ಹೊತ್ತಿನಲ್ಲಿ ಅವರು ಹೊಳೆಯಾಚೆಯ ಯಾರದೋ ತೋಟ ನೋಡುತ್ತಾ "ಬಳ್ಳಿ ಒಳ್ಳೆ ಹಬ್ಬಿದೆ" ಎಂದದ್ದು ನನ್ನ ಕಿವಿಗೆ ಬಿತ್ತು. ಕೊನೆಗೆ ಲಾರಿಯನ್ನು ಗುಡ್ಡದ ಬದಿಗೆ ಒತ್ತಿ ನಮ್ಮ ಹಿಂದಕ್ಕೆ ತಂದು, ಹಗ್ಗ ಬಿಗಿದು, ದೊಡ್ಡಪ್ಪನ ಸಮೇತ ಜೀಪನ್ನು ಹಿಂದಕ್ಕೆಳೆದರು. ಎಳೆಯುವಾಗ ಒಮ್ಮೆ ಹಗ್ಗ ಜಾರಿತು. ನನ್ನ ನೆನಪು ಮತ್ತೆ ಮತ್ತೆ ಹೋಗಿ ನಿಲ್ಲುವುದು ಅಲ್ಲೇ. ದೊಡ್ಡಪ್ಪ ಎದ್ದು ಬಂದಿದ್ದರೆ ಹಗ್ಗವೇ ಬೇಕಿರಲಿಲ್ಲ.

ಊರಿನಲ್ಲಿ ಮಾತ್ರ ಅವರು ದೇವರಾದರು. ಸಾಯುವ ಹೊತ್ತಲ್ಲೂ ಹೆಂಗಸರು ಮೊದಲು ಎಂದರಲ್ಲ, ಎಂಥ ದೊಡ್ಡ ಮನುಷ್ಯರು! ನಾನೂ ಹೂಂಗುಟ್ಟಿದೆ. ಒಳಗೆ ಮಾತ್ರ ಒಂದು ಸಿಟ್ಟು ಕುದಿಯುತ್ತಿತ್ತು. ಯಾಕೆ ಏಳಲಿಲ್ಲ? ಅಷ್ಟು ಜನರ ಜೀವಕ್ಕಿಂತ ಆ ಒಂದು ಮರ್ಯಾದೆ ಹೆಚ್ಚಾಯಿತೇ? ಅದಕ್ಕೊಂದು ಉತ್ತರ ಸಿಗದೆ ನನ್ನ ತಲೆಯೊಳಗಿನ ಆ ಜೀಪು ರಸ್ತೆಗೆ ಬರುತ್ತಲೇ ಇರಲಿಲ್ಲ.

ಹಾಗಾಗಿ ಆಟಕ್ಕೆ ನಾನು ಮಾಡಿದ ಮನುಷ್ಯ ದೊಡ್ಡಪ್ಪನೇ. ಪಂಚೆ ತೆಗೆದು ನಿಲುವಂಗಿ ತೊಡಿಸಿದೆ. ಕಾಳುಮೆಣಸಿನ ವ್ಯಾಪಾರಿ ಎಂದೆ. ಪ್ರಪಾತದ ಅಂಚಿನಲ್ಲಿ ಸಿಕ್ಕಿದ ಗಾಡಿಯಲ್ಲಿ ಕೂತು, ಹೆಂಗಸರು ಇಳಿಯುವವರೆಗೂ ಏಳದವನು, ಸಾವಿಗೆ ಅಂಜದವನು ಎಂದು ಬರೆದೆ. ನಾಲ್ಕು ದಿನ ಬಿಟ್ಟು ಆಟದಾಕೆಯ ಉತ್ತರ ಬಂತು. ಕನ್ನಡದಲ್ಲಿ ಹೇಳುವುದಾದರೆ ಇಷ್ಟು: "ಇದು ಚೌಕದಲ್ಲಿ ನಿಲ್ಲಿಸುವ ಪ್ರತಿಮೆ. ಇವನು ಯಾವುದಕ್ಕೆ ಹೆದರುತ್ತಾನೆ? ಗೊತ್ತಾದ ಮೇಲೆ ಕಳಿಸಿ."

ತಮ್ಮ ಬಿದ್ದು ಬಿದ್ದು ನಕ್ಕ. "ನನ್ನ ರಾಕ್ಷಸನಿಗೆ ಬೆಕ್ಕು ಕಂಡ್ರೆ ಹೆದ್ರಿಕೆ ಅಂತ ಬರ್ದಿದ್ದೆ. ಮೂರು ತಲೇಗೂ. ಆವಮ್ಮ ಖುಷಿಯಾಗಿ ಒಪ್ಕೊಂಡ್ಳು. ನಿನ್ನ ಮನುಷ್ಯನಿಗೆ ಒಂದು ಜಿರಳೆ ಹೆದ್ರಿಕೆನೂ ಇಲ್ವಲ್ಲ ಅಕ್ಕಾ!"

ಅದೇ ವಾರ ದೊಡ್ಡಪ್ಪ ಮೆಣಸಿನ ರೇಟು ಕೇಳಲು ಬೂತಿಗೆ ಬಂದರು. ನಾನು ಒಳಗೆ ಲೈನು ಹಿಡಿದು ಕೂತಿದ್ದೆ. ಕಾಯುವುದು ಬೇಸರವಾಗಿ ಪ್ಲೈವುಡ್ಡಿನ ಈಚೆ ಇಣುಕಿದರು.

"ಎಂಥ ಮಾರಾಯ್ತಿ, ಟೈಪಿಂಗ್ ಪರೀಕ್ಷೆಯಾ?"

ನಾನು ಬಾಯಿ ತೆರೆಯುವ ಮೊದಲೇ ತಮ್ಮ ಊದಿದ. "ನಿಮ್ಮನ್ನೇ ಆಟಕ್ಕೆ ಹಾಕಿದಾಳೆ ದೊಡ್ಡಪ್ಪಾ. ಫೇಲಾದ್ರಿ. ನೀವು ಮನುಷ್ಯ ಅಂತ ಫಾರಿನ್‌ನವ್ರು ನಂಬ್ತಿಲ್ಲ."

ದೊಡ್ಡಪ್ಪ ಕುರ್ಚಿ ಎಳೆದು ಕೂತರು. ನಾನು ಬರೆದದ್ದನ್ನು ಸಾಲು ಸಾಲಾಗಿ ಕನ್ನಡ ಮಾಡಿ ಹೇಳಿಸಿಕೊಂಡರು. ಸಾವಿಗೆ ಅಂಜದವನು ಎಂಬಲ್ಲಿ ಕೆಮ್ಮಿದರು. ಬೂತಿನ ಕಡೆ ನೋಡಿದರು. ತಮ್ಮ ಗಿರಾಕಿಗೆ ಚಿಲ್ಲರೆ ಕೊಡಲು ಎದ್ದು ಹೋಗಿದ್ದ.

"ಇದು ಊರವ್ರಿಗೆ ಯಾರಿಗೂ ಕಾಣಲ್ಲ ತಾನೆ?"

"ಇಲ್ಲ ದೊಡ್ಡಪ್ಪ."

"ನನ್ನ ಪಂಚೆ ಸಿಕ್ಕಾಕ್ಕೊಂಡಿತ್ತು ಮಗಾ."

ನನಗೆ ತಕ್ಷಣ ಅರ್ಥವಾಗಲಿಲ್ಲ.

"ಚಕ್ರ ಬಿದ್ದಾಗ ಸೀಟಿನ ಕಬ್ಬಿಣದ ಪಟ್ಟಿ ಬಗ್ಗಿ ಪಕ್ಕದ ತಗಡಿಗೆ ಒತ್ಕೊಳ್ತು. ಮಧ್ಯ ಪಂಚೆ. ಎಳ್ದೆ, ಬರ್ಲಿಲ್ಲ. ಎದ್ರೆ ಪಂಚೆ ಅಲ್ಲೇ ಇರ್ತಿತ್ತು, ನಾನೊಬ್ಬನೇ ಹಿಂದೆ ಬರ್ತಿದ್ದೆ. ನೀವು ಇಷ್ಟು ಜನ ಹೆಂಗಸ್ರು ಎದುರು ಬದುರು ಕೂತಿದೀರಿ. ನೀವು ಇಳಿದು ಹೋದ್ರೆ ಹೆಂಗೋ ಎದ್ದು ಬರೋಣ ಅಂತ ಹಂಗಂದೆ."

"ಒಳಗೆ..." ಎಂದೆ.

"ಇತ್ತು. ಎಂಥದ್ದು ಅಂತ ಕೇಳ್ಬೇಡ."

ನಗು ಒತ್ತಿ ಹಿಡಿದದ್ದಕ್ಕೆ ನನಗೆ ಕಣ್ಣೀರು ಬಂತು. ಎಷ್ಟು ಪಾಲು ನಗುವಿಗೆ ಬಂದದ್ದೋ ತಿಳಿಯದು. ಹೊಳೆಗೆ ಬೀಳುವುದಕ್ಕಿಂತ ಪಂಚೆ ಬಿಚ್ಚಿಹೋಗುವುದಕ್ಕೆ ಹೆದರಿದ ಒಬ್ಬರು ಮುದುಕರು, ಅದು ಯಾರಿಗೂ ತಿಳಿಯದಿರಲೆಂದು ಎದುರು ತೋಟದ ಬಳ್ಳಿ ಹೊಗಳುತ್ತಾ ಕೂತಿದ್ದರು. ಸಿಟ್ಟು ಮಾಡಿಕೊಳ್ಳಲು ಬೇಕಾದ ಆ ದೊಡ್ಡ ಮನುಷ್ಯ ಜೀಪಿನಲ್ಲಿ ಇರಲೇ ಇಲ್ಲ. ನಮ್ಮ ಹಾಗೇ ನಡುಗುತ್ತಿದ್ದವರು ಒಬ್ಬರಿದ್ದರು, ಅಷ್ಟೆ.

ದೊಡ್ಡಪ್ಪನ ಅಪ್ಪಣೆ ಪಡೆದೇ ತಿದ್ದಿ ಕಳಿಸಿದೆ. ನಿಲುವಂಗಿಯ ಅಂಚು ಗಾಡಿಯ ಕಬ್ಬಿಣಕ್ಕೆ ಸಿಕ್ಕಿಕೊಂಡಿದೆ, ಅದನ್ನು ಹೇಳಲಾರ, ಅದಕ್ಕೇ ದೊಡ್ಡ ಮಾತಾಡುತ್ತಾನೆ ಎಂದು. "ಬಾ ಮನುಷ್ಯನೇ, ಸ್ವಾಗತ," ಎಂದು ಉತ್ತರ ಬಂತು. ಜೊತೆಗೇ ಆಕೆ ಮೊದಲ ಸನ್ನಿವೇಶವನ್ನೂ ಇಟ್ಟಿದ್ದಳು. ಗಾಡಿ ಅಂಚಿನಲ್ಲಿದೆ. ಹಗ್ಗ ಜಾರುತ್ತಿದೆ. ನಿಮ್ಮ ಪಾತ್ರ ಈಗ ಏನು ಮಾಡುತ್ತದೆ?

ಹಗ್ಗದ ವಿಷಯ ನಾನು ಬರೆದೇ ಇರಲಿಲ್ಲ. ಆಕೆಗೆ ಅದು ತಾನಾಗಿ ಹೊಳೆದಿರಬೇಕು. ನನ್ನ ಪಾದ ತಾನಾಗಿಯೇ ಮೇಜಿನ ಕೆಳಗಿನ ಹಲಗೆಯನ್ನು ಬ್ರೇಕಿನಂತೆ ಒತ್ತಿತು. ಫಲಿತಾಂಶ ತಿಳಿಯಲೆಂದೇ ಬಂದಿದ್ದ ದೊಡ್ಡಪ್ಪ ಪಕ್ಕದಲ್ಲಿದ್ದರು.

"ಎಂಥ ಕೇಳ್ತಿದಾಳೆ?"

ಹೇಳಿದೆ. ಹೊರಗೆ ಯಾರೋ ಬಣಕಲ್ಲಿಗೆ ಫೋನ್ ಮಾಡಬೇಕೆಂದು ತಮ್ಮನ ಜೀವ ತಿನ್ನುತ್ತಿದ್ದರು.

"ಕೂಗ್ಲಿ," ಎಂದರು ದೊಡ್ಡಪ್ಪ.

"ಏನಂತ?"

"ಸಿಕ್ಕಾಕ್ಕೊಂಡಿದೀನಿ, ಯಾರಾದ್ರೂ ಬಂದು ಬಿಡಿಸಿ ಅಂತ. ನಂಗೆ ಬಾಯಿ ಬರ್ಲಿಲ್ಲ. ಇವನಾದ್ರೂ ಕೂಗ್ಲಿ."

ಬರೆದೆ. ದೊಡ್ಡ ಅಕ್ಷರದಲ್ಲಿ ಬರೆದು ಕಳಿಸಿದೆ. ಪುಟ ಬಿಳಿಯಾಗಿ ತೆರೆದುಕೊಂಡು ನಿಂತಿತು. ದೊಡ್ಡಪ್ಪ ಕನ್ನಡಕ ಸರಿಮಾಡಿಕೊಂಡು ಪರದೆಗೆ ಮುಖ ತಂದರು.

"ಯಾರಾದ್ರೂ ಬಂದ್ರಾ?"

"ಇನ್ನೂ ಇಲ್ಲ ದೊಡ್ಡಪ್ಪ."

"ಬರ್ತಾರೆ ಬಿಡು. ಲೈನು ನಿಧಾನ," ಎಂದರು, ಎದ್ದು ಹೋಗಲಿಲ್ಲ.