ರತ್ನಮ್ಮನವರ ಅಗ್ಗಿಷ್ಟಿಕೆಯ ಗೋಡೆ

ದೆಹಲಿಯಲ್ಲಿ ನನ್ನ ಕೈಯಿಂದ ಅಲಂಕಾರವಾಗದ ಗೋಡೆ ಒಂದೇ ಒಂದು, ಕೆಂಪುಕೋಟೆಯದು. ಅದೂ ಅವರು ಕರೆಯಲಿಲ್ಲ ಎಂಬ ಕಾರಣಕ್ಕೆ. ಮಿಕ್ಕಂತೆ ಇಲ್ಲಿನ ಕನ್ನಡಿಗರ ಮದುವೆ, ನಾಮಕರಣ, ರಾಜ್ಯೋತ್ಸವ, ನಿವೃತ್ತಿಯ ಬೀಳ್ಕೊಡುಗೆ, ಯಾವುದೇ ಇರಲಿ, ವೇದಿಕೆಯ ಹಿಂದಿನ ಗೋಡೆ ಈ ದಕ್ಷಿಣಾಮೂರ್ತಿಯದು. ಪೀತಮ್‌ಪುರದ ಒಂದು ಮದುವೆಗೆ ನಾನು ಥರ್ಮೋಕೋಲಿನಲ್ಲಿ ಕೊರೆದ ಹಂಸ ಎಷ್ಟು ಜೀವಂತವಾಗಿತ್ತೆಂದರೆ, ಊಟದ ಹೊತ್ತಿಗೆ ಅದು ಗೋಡೆಯಿಂದ ಇಳಿದು ಎರಡನೇ ಪಂಕ್ತಿಯಲ್ಲಿ ಎಲೆ ಹಾಕಿಸಿಕೊಂಡು ಕೂತಿತ್ತು. ಹೀಗಿರುವಾಗ, ದ್ವಾರಕಾದ ನಮ್ಮ ಸೊಸೈಟಿಯಲ್ಲಿ ಗೋಡೆಯೊಳಗೆ ಅಗ್ಗಿಷ್ಟಿಕೆ ಇರುವ ಏಕೈಕ ಮನೆಯವರು ಅದರ ಸುತ್ತ ಏನು ಅಲಂಕಾರ ಮಾಡುವುದೆಂದು ತಲೆ ಕೆಡಿಸಿಕೊಂಡಾಗ, ಉತ್ತರ ಅವರ ಮೇಲಿನ ಮಹಡಿಯಲ್ಲೇ ವಾಸವಾಗಿದೆ ಎಂದು ನಾನು ನಂಬಿದ್ದೆ.

ಆ ಮನೆ ಬಸಪ್ಪ ಮತ್ತು ರತ್ನಮ್ಮನವರದು. ನೌಕರಿಯ ದಿನಗಳಲ್ಲಿ, ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸ್‌ನಲ್ಲಿ, ಅವರಿಗೂ ನಮಗೂ ನಡುವೆ ಒಂದೇ ಗೋಡೆ. ಬಸಪ್ಪ ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನವರು. ರತ್ನಮ್ಮ ಹಿರಿಯೂರು ಕಡೆಯ ಹೆಣ್ಣುಮಗಳು. ಮದುವೆಯಾಗಿ ದೆಹಲಿಯಲ್ಲಿ ಇಳಿದಾಗ ಅವರಿಗೆ ಬರುತ್ತಿದ್ದ ಹಿಂದಿ ಎಂದರೆ ‘ನಹೀ’ ಒಂದೇ. ಆ ಒಂದೇ ಪದದ ಬಲದಿಂದ ಮೊದಲ ವರ್ಷದ ಸಂಸಾರ ಮಾಡಿದರು. ತರಕಾರಿ ಭಯ್ಯಾ ಯಾವ ಬೆಲೆ ಹೇಳಿದರೂ ‘ನಹೀ’. ಕಡೆಗೆ ಆ ಮನುಷ್ಯ ಗಾಡಿಯನ್ನು ಅವರ ಬಾಗಿಲಲ್ಲೇ ಬಿಟ್ಟು ಸನ್ಯಾಸಿಯಾಗಿ ಹೋದ ಎಂದು ಹೇಳುತ್ತಾರೆ. ಹೇಳುವವನು ನಾನೊಬ್ಬನೇ, ಆದರೂ ಹೇಳುತ್ತಾರೆ.

ಆಮೇಲೆ ಅವರಿಗೆ ಒಂದು ಕಚೇರಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಕೆಲಸ ಸಿಕ್ಕಿತು. ನಿವೃತ್ತಿಯ ತನಕ ಅದೇ ಕುರ್ಚಿ. ಅತ್ತಲಿನವರು ಉಸಿರೆಳೆದುಕೊಳ್ಳುವುದರಲ್ಲೇ ಅವರಿಗೆ ಯಾವ ಸಾಹೇಬರು ಬೇಕು, ರಜೆ ಕೇಳುವುದಕ್ಕೋ ಬೈಸಿಕೊಳ್ಳುವುದಕ್ಕೋ ಎಂಬುದು ರತ್ನಮ್ಮನವರಿಗೆ ತಿಳಿಯುತ್ತಿತ್ತು. ಇದು ಹೇಗೆ ಎಂದು ಒಮ್ಮೆ ಕೇಳಿದ್ದೆ.

"ಗಾಬರೀಲಿ ಫೋನ್ ಮಾಡಿದವರನ್ನ ಎಲ್ಲಿಗೆ ಬೇಕು ಅಂತ ಕೇಳಬಾರದು ಮೂರ್ತಿಗಳೇ," ಎಂದರು. "ಅದು ಅವರಿಗೇ ಗೊತ್ತಿರಲ್ಲ. ಏನಾಗಬೇಕಿತ್ತು ಅಂತ ಕೇಳಬೇಕು. ಎಲ್ಲಿಗೆ ಕೊಡಬೇಕು ಅನ್ನೋದು ಆಗ ನಮಗೇ ಗೊತ್ತಾಗುತ್ತೆ."

ನಿವೃತ್ತಿಯ ಹಣದಲ್ಲಿ ಅವರು ಕೊಂಡ ಫ್ಲ್ಯಾಟಿನ ಹಿಂದಿನ ಮಾಲೀಕ ಒಮ್ಮೆ ಶಿಮ್ಲಾ ನೋಡಿ ಬಂದವನು. ಆ ಅಮಲಿನಲ್ಲಿ ಹಜಾರದ ಗೋಡೆ ಕೊರೆಸಿ, ಅಮೃತಶಿಲೆಯ ಚೌಕಟ್ಟು ಕಟ್ಟಿಸಿ, ಒಳಗೊಂದು ವಿದ್ಯುತ್ ಅಗ್ಗಿಷ್ಟಿಕೆ ಕೂರಿಸಿದ್ದ. ಹೊಗೆಯಿಲ್ಲ, ಸೌದೆಯಿಲ್ಲ. ಸ್ವಿಚ್ ಒತ್ತಿದರೆ ಗಾಜಿನ ಹಿಂದೆ ಉರಿಯಂಥ ಬೆಳಕು ಕುಣಿಯುತ್ತದೆ, ಕೆಳಗಿನಿಂದ ಬಿಸಿಗಾಳಿ ಬರುತ್ತದೆ. ದೆಹಲಿಯ ಚಳಿ ಗೊತ್ತಿದ್ದವರು ಇದಕ್ಕೆ ನಗುವುದಿಲ್ಲ. ಹೋದ ಚಳಿಗಾಲದಲ್ಲಿ ನಮ್ಮ ಮನೆಯ ಗಡಿಯಾರದ ಎರಡು ಮುಳ್ಳುಗಳು ಹನ್ನೆರಡರ ಮೇಲೆ ಒಂದನ್ನೊಂದು ತಬ್ಬಿಕೊಂಡವು, ಶಿವರಾತ್ರಿಯ ತನಕ ಬಿಡಲಿಲ್ಲ.

ಅದೇ ಚಳಿಗಾಲದಲ್ಲಿ ಬಸಪ್ಪನವರ ಮರೆವಿನ ಕಾಯಿಲೆ ಹೆಚ್ಚಾಯಿತು. ಹಗಲೆಲ್ಲ ಅಗ್ಗಿಷ್ಟಿಕೆಯ ಮುಂದೆ ಸುಮ್ಮನೆ ಕೂತಿರುತ್ತಿದ್ದರು. ಸಂಜೆಯಾಗುತ್ತಿದ್ದಂತೆ ಎದ್ದು, ಕಚೇರಿಗೆ ಒಯ್ಯುತ್ತಿದ್ದ ಹಳೆಯ ರೆಕ್ಸಿನ್ ಚೀಲ ಹೆಗಲಿಗೆ ಹಾಕಿಕೊಂಡು, "ಸರಿ, ನಾನು ಮನೆಗೆ ಹೊರಡ್ತೀನಿ" ಎನ್ನುವರು. ಇದೇ ಮನೆ ಎಂದರೆ ಸಭ್ಯವಾಗಿ ನಕ್ಕು, "ತುಂಬಾ ಉಪಚಾರ ಮಾಡಿದ್ರಿ, ಇನ್ನೊಮ್ಮೆ ಬರ್ತೀನಿ" ಎಂದು ಚಪ್ಪಲಿ ಹುಡುಕುವರು. ಒಂದು ಸಂಜೆ ಯಾರ ಕಣ್ಣಿಗೂ ಬೀಳದೆ ಹೊರಟೇಬಿಟ್ಟರು. ಮೆಟ್ರೊ ಹತ್ತಿ, ಬದಲಾಯಿಸಿ, ಕಿದ್ವಾಯಿ ನಗರಕ್ಕೇ ಹೋಗಿದ್ದರು. ನಮ್ಮ ಹಳೆಯ ಕ್ವಾರ್ಟರ್ಸ್ ಕೆಡವಿ ಅಲ್ಲಿ ಆಕಾಶಕ್ಕೆ ಮುಟ್ಟುವ ಕಟ್ಟಡಗಳೆದ್ದಿವೆ. ಅವುಗಳ ಗೇಟಿನ ಮುಂದೆ ಮಂಜಿನಲ್ಲಿ ನಿಂತು, ಬಂದವರನ್ನೆಲ್ಲ ತಮ್ಮ ಬಾಗಿಲು ಎಲ್ಲಿ ಎಂದು ಕೇಳುತ್ತಿದ್ದರು. ಸಿಕ್ಕಿದರು. ಆದರೆ ಎದೆಗೆ ಚಳಿ ಹಿಡಿದು ಆಸ್ಪತ್ರೆ ಸೇರಿದರು.

ಈ ವರ್ಷ ಮತ್ತೆ ಮಂಜು ಬೀಳಲು ಶುರುವಾದಾಗ ಮಗ ಸಾತ್ವಿಕ್ ಮಾತು ತೆಗೆದ. ದೆಹಲಿಯಲ್ಲೇ ಹುಟ್ಟಿ ಬೆಳೆದ ಹುಡುಗ, ತಂದೆಯ ಮೇಲೆ ಪ್ರಾಣ.

"ಅಮ್ಮ, ದೇಖೋ, ನನಗೂ ಇಷ್ಟ ಇಲ್ಲ. ಬಟ್ ಬಾಗಿಲಿಗೆ ಹೊರಗಿಂದ ಲಾಕ್ ಹಾಕಬೇಕು, ಇಲ್ಲಾಂದ್ರೆ ಗುರುಗ್ರಾಮದ ಆ ಕೇರ್ ಹೋಮ್. ನೆಕ್ಸ್ಟ್ ಟೈಮ್ ಅಪ್ಪ ಸಿಗದೇ ಹೋದ್ರೆ?"

"ಮನೆಗೆ ಹೋಗ್ತೀನಿ ಅನ್ನೋ ಮನುಷ್ಯನ್ನ ಕೂಡಿ ಹಾಕಿದ್ರೆ ಅದು ಮನೆ ಹೇಗಾಗುತ್ತೋ?" ಎಂದರು ರತ್ನಮ್ಮ. "ಸಂಕ್ರಾಂತಿ ತನಕ ಬಿಡು ನನಗೆ. ಅವರಿಗೆ ಆ ಬೆಂಕಿ ಮುಂದೆ ಕೂರೋದು ಇಷ್ಟ. ಸಂಜೆ ಹೊತ್ತೂ ಅಲ್ಲೇ ಕೂರೋ ಹಾಗೆ ಆ ಗೋಡೆನ ಏನಾದ್ರೂ ಮಾಡ್ತೀನಿ."

"ಸಂಕ್ರಾಂತಿ ಆದ ಮೇಲೆ?"

"ಆಮೇಲೆ ನೀನು ಹೇಳಿದ ಹಾಗೆ."

ಹೀಗೆ ಒಂದು ಗೋಡೆಯ ಅಲಂಕಾರದ ಮೇಲೆ ಒಬ್ಬ ಮನುಷ್ಯನ ಬಾಗಿಲು ನಿಂತಿತು.

ಮೊದಲ ಪ್ರಯತ್ನ ಸೊಸೆ ಪ್ರಕೃತಿಯದು. ಫೋನಿನಲ್ಲಿ ಫೈರ್‌ಪ್ಲೇಸ್ ಚಿತ್ರಗಳನ್ನು ಒಂದೊಂದಾಗಿ ಸರಿಸಿ ತೋರಿಸಿದಳು. "ಅತ್ತೆ, ಎಲ್ಲಾ ಕಡೆ ಹೀಗೇ ಮಾಡ್ತಾರೆ ನೋಡಿ. ಮೇಲೊಂದು ರೌಂಡ್ ಕನ್ನಡಿ, ಎರಡೂ ಕಡೆ ಹೂದಾನಿ, ಕ್ಯಾಂಡಲ್. ಬೆಳಕಾಗಿದ್ರೆ ಮಾವನಿಗೂ ಕೂರೋಣ ಅನ್ಸುತ್ತೆ."

ಚೆನ್ನಾಗಿಯೇ ಇತ್ತು. ಸಂಜೆ ಬಸಪ್ಪ ಎದ್ದು ಕನ್ನಡಿಯ ಮುಂದೆ ನಿಂತರು. ಕೈ ಮುಗಿದರು. "ರತ್ನಾ, ಯಾರೋ ಹಿರಿಯರು ಬಂದಿದ್ದಾರೆ, ಕುರ್ಚಿ ಕೊಡು," ಎಂದು, ದನಿ ತಗ್ಗಿಸಿ, "ಈ ಮನೆಯವರಿಗೆ ನೆಂಟರು. ನಾವು ಇರಬಾರದು, ನಡಿ," ಎಂದು ಚೀಲ ತೆಗೆದುಕೊಂಡರು. ಪ್ರಕೃತಿ ಕಣ್ಣೊರೆಸಿಕೊಂಡು ಕನ್ನಡಿ ಇಳಿಸಿದಳು.

ಎರಡನೆಯ ಪ್ರಯತ್ನ ನನ್ನದು. ಯಾರೂ ಕೇಳಿರಲಿಲ್ಲ, ಆದರೆ ಕಲಾವಿದನನ್ನು ಕೇಳಬೇಕೇ? ಅಮೃತಶಿಲೆಯೇ ನಾಚುವಂತೆ ಥರ್ಮೋಕೋಲಿನ ಕಂಬಗಳು, ಅವುಗಳ ಮೇಲೆ ಸೊಂಡಿಲೆತ್ತಿದ ಆನೆಗಳು, ಕಮಾನು, ಚೆಂಡುಹೂವಿನ ಸರ, ಮಿಣುಕು ದೀಪಗಳ ಮಾಲೆ. ನಾನು ಕೊರೆದ ಆನೆಯೊಂದು ಘೀಳಿಟ್ಟದ್ದನ್ನು ಮೂರನೇ ಮಹಡಿಯ ಸರ್ದಾರ್ಜಿ ಕೇಳಿದ್ದಾರೆ, ಬೇಕಾದರೆ ವಿಚಾರಿಸಿ. ದೀಪ ಹಾಕಿ ಬಸಪ್ಪನವರನ್ನು ಎದುರಿಗೆ ಕೂರಿಸಿದೆವು. ಅವರು ಬೆನ್ನು ನೇರ ಮಾಡಿ, ಮಡಿಲಲ್ಲಿ ಕೈಯಿಟ್ಟು, ತಲ್ಲೀನರಾಗಿ ನೋಡಿದರು. ನಾನು ರತ್ನಮ್ಮನವರತ್ತ ಹುಬ್ಬು ಹಾರಿಸಿದೆ. ಅಷ್ಟರಲ್ಲಿ ಬಸಪ್ಪ ಚಪ್ಪಾಳೆ ತಟ್ಟಿದರು.

"ಬಹಳ ಚೆನ್ನಾಗಿ ನಡೆಸಿಕೊಟ್ರಿ ಮೂರ್ತಿ. ವಂದನಾರ್ಪಣೆ ಆಯ್ತಲ್ಲ? ಹಾಗಾದ್ರೆ ಮನೆಗೆ ಹೊರಡ್ತೀನಿ."

ಅವತ್ತು ದಿನಕ್ಕಿಂತ ಬೇಗ ಎದ್ದಿದ್ದರು. ಅವರನ್ನು ಮಾತಿನಲ್ಲಿ ತಡೆದು ಕೂರಿಸಲು ಎಲ್ಲರಿಗೂ ಸಾಕಾಯಿತು. ರತ್ನಮ್ಮ ನನಗೊಂದು ಲೋಟ ಕಾಫಿ ಕೊಟ್ಟರು. ಕುಡಿದು ಮುಗಿಸುವ ತನಕ ಕಾದು, "ಸೊಸೈಟಿ ಗಣಪತಿಗೆ ಇಟ್ಕೊಳ್ಳಿ, ಅವನು ಹತ್ತು ದಿನ ಎಲ್ಲೂ ಹೋಗಲ್ಲ," ಎಂದರು. ಆನೆಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲು ಹತ್ತಿದೆ. ಲಿಫ್ಟಿನಲ್ಲಿ ಅವು ಹಿಡಿಸಲಿಲ್ಲ.

ಮರುದಿನ ಸಂಜೆ ಇಣುಕಿದಾಗ ಗೋಡೆ ಬರಿದಾಗಿತ್ತು. ಬಸಪ್ಪ ಚೀಲ ಹಾಕಿಕೊಂಡು ನಿಂತಿದ್ದರು. "ಮನೆಗೆ ಹೊರಡ್ತೀನಿ," ಎಂದರು.

ಯಾವ ಮನೆಗೆ ಎಂದು ಇಷ್ಟು ದಿನ ನಾವೆಲ್ಲ ಕೇಳಿದ್ದೆವು. ರತ್ನಮ್ಮ ಅದನ್ನು ಕೇಳಲಿಲ್ಲ. ಎಕ್ಸ್‌ಚೇಂಜಿನ ಕುರ್ಚಿಯಲ್ಲಿ ಕೂತವರ ದನಿಯಲ್ಲಿ, "ಹೂಂ ರೀ. ಮನೆಗೆ ಹೋದ ಮೇಲೆ ಏನು ಮಾಡ್ತೀರಿ?" ಎಂದರು.

"ಏನು ಮಾಡೋದು? ಚೀಲ ನೇತು ಹಾಕ್ತೀನಿ."

"ಹಾಕಿ ಮತ್ತೆ."

ಬಸಪ್ಪ ಗೋಡೆಯ ಕಡೆ ತಿರುಗಿ, ಅಗ್ಗಿಷ್ಟಿಕೆಯ ಎಡಕ್ಕೆ, ತಮ್ಮ ಕಿವಿಯ ಎತ್ತರಕ್ಕೆ ಕೈಯೆತ್ತಿ ಚೀಲವನ್ನು ಗಾಳಿಗೆ ನೇತು ಹಾಕಿದರು. ಚೀಲ ದೊಪ್ಪನೆ ಬಿತ್ತು. ರತ್ನಮ್ಮ ಬಗ್ಗಿ ಎತ್ತಿಕೊಡಲಿಲ್ಲ. ಕೈ ಎಲ್ಲಿಗೆ ಹೋಗಿತ್ತೋ ಆ ಜಾಗವನ್ನೇ ದಿಟ್ಟಿಸುತ್ತಾ ಹಣೆಯ ಕುಂಕುಮವನ್ನು ಬೆರಳಿಗೆ ತಾಗಿಸಿ ಗೋಡೆಯ ಮೇಲೊಂದು ಚುಕ್ಕೆ ಇಟ್ಟರು.

"ಆಮೇಲೆ?"

"ಮಫ್ಲರು." ಕೈ ಇನ್ನೊಂದು ಕಡೆ ಹೋಯಿತು. ಚುಕ್ಕೆ. "ಕನ್ನಡಕ." ಅಮೃತಶಿಲೆಯ ಹಲಗೆಯ ಒಂದು ಮೂಲೆ. ಚುಕ್ಕೆ. "ಊಟದ ಡಬ್ಬಿ." ಚುಕ್ಕೆ. "ಕೈಕಾಲು ತೊಳ್ಕೊಂಡು ಒಲೆ ಮುಂದೆ ಕೂತ್ಕೊಳ್ತೀನಿ. ಅವ್ವ ಸಾರಿಸಿರ್ತಾಳೆ."

ಕ್ವಾರ್ಟರ್ಸಿನ ಗೂಟಗಳೂ ಊರಿನ ಒಲೆಯೂ ಆ ಮನುಷ್ಯನ ಕೈಯಲ್ಲಿ ಒಂದೇ ಮನೆಯಾಗಿ ಸೇರಿಕೊಂಡಿದ್ದವು. ಭೂಪಟದಲ್ಲಿ ಎಲ್ಲೂ ಇಲ್ಲದ ಮನೆ. ಅದರ ವಿಳಾಸವನ್ನು ಈ ಹೆಂಗಸು ನನ್ನ ಕಣ್ಣೆದುರೇ ಗೋಡೆಯ ಮೇಲೆ ಬರೆದುಕೊಂಡಿದ್ದರು. ನಾನು ಮಾತನಾಡಲಿಲ್ಲ. ನನ್ನ ಹೆಂಡತಿಗೆ ಇದನ್ನು ಹೇಳಿದಾಗ ಅವಳು ನಂಬದೇ ಹೋದದ್ದು ಈ ಒಂದು ಸಂಗತಿಯನ್ನು.

ಮುಂದಿನ ದಿನಗಳಲ್ಲಿ ರತ್ನಮ್ಮ ಚುಕ್ಕೆ ಇದ್ದ ಕಡೆ ಮೊಳೆ ಹೊಡೆದರು, ಗೂಟ ಕೂರಿಸಿದರು. ರಸ್ತೆ ಬದಿಯ ನರ್ಸರಿಯಲ್ಲಿ ಹೂಕುಂಡಗಳಿಗೆ ಬಳಿಯುವ ಕೆಂಪು ಮಣ್ಣು ಸಿಗುತ್ತದೆ. ಇಲ್ಲಿಯವರು ಗೇರು ಎನ್ನುವುದನ್ನೇ ಅವರ ಊರಲ್ಲಿ ಜಾಜು ಎನ್ನುತ್ತಾರೆ. ಅದನ್ನು ಕಲಸಿ ಚೌಕಟ್ಟಿನ ಸುತ್ತ ಅಗಲವಾಗಿ ಬಳಿದು, ಒಣಗಿದ ಮೇಲೆ ಸುಣ್ಣದಲ್ಲಿ ಎಳೆ ಎಳೆದರು. ದೀಪಾವಳಿಯ ಮುಂಚೆ ನೀರು ತುಂಬುವ ಹಬ್ಬಕ್ಕೆ ನಮ್ಮ ಕಡೆಯ ಹೆಂಗಸರು ಬಚ್ಚಲ ಒಲೆಗೆ ಮಾಡುವ ಅಲಂಕಾರ. ಶಿಮ್ಲಾದ ಅಗ್ಗಿಷ್ಟಿಕೆ ಹಿರಿಯೂರಿನ ಸೊಸೆಯಾಗಿ ನಿಂತಿತು. ಮುಂದೆ ಒಂದು ಮಣೆ. ಮಾರ್ಬಲ್ ಹಾಳಾಯಿತೆಂದು ಸಾತ್ವಿಕ್ ಗೊಣಗಿದ, ಆದರೆ ಎತ್ತರದ ಗೂಟಕ್ಕೆ ಡ್ರಿಲ್ ಹಿಡಿದವನು ಅವನೇ.

ಸಂಕ್ರಾಂತಿಯ ಸಂಜೆ ಎಳ್ಳು ಬೆಲ್ಲ ಕೊಡಲು ನಾನು ಕೆಳಗಿಳಿದೆ. ಮರುದಿನ ಗುರುಗ್ರಾಮಕ್ಕೆ ಹೋಗಿ ಜಾಗ ನೋಡುವುದೆಂದು ತೀರ್ಮಾನವಾಗಿತ್ತು. ಅಲಂಕಾರವನ್ನು ಬಸಪ್ಪ ಎರಡು ದಿನದಿಂದ ಸುಮ್ಮನೆ ನೋಡುತ್ತಿದ್ದರೇ ಹೊರತು ಏನೂ ಹೇಳಿರಲಿಲ್ಲ. ಹೊರಗೆ ಬೆಳಕು ಕಂದುತ್ತಿದ್ದಂತೆ ಎಂದಿನ ಹಾಗೆ ಎದ್ದರು. ಪಕ್ಕದಲ್ಲಿದ್ದ ಚೀಲ ತೆಗೆದುಕೊಂಡರು. ಸಾತ್ವಿಕ್ ತಲೆ ಬಗ್ಗಿಸಿದ.

"ಮನೆಗೆ ಹೊರಡ್ತೀನಿ."

ರತ್ನಮ್ಮ ಆಗಲೇ ಶಾಲು ಹೊದ್ದು ಚಪ್ಪಲಿ ಮೆಟ್ಟಿದ್ದರು. "ನಡೀರಿ, ನಾನೂ ಬರ್ತೀನಿ."

"ಅಮ್ಮ, ಎಲ್ಲಿಗೆ?"

"ಮನೆಗೆ ಕಣೋ."

ತಾವೇ ಬಾಗಿಲು ತೆಗೆದು ಗಂಡನನ್ನು ಹೊರಗೆ ಕರೆದೊಯ್ದರು. ನಾವಿಬ್ಬರೂ ಬಾಲ್ಕನಿಗೆ ಓಡಿದೆವು. ಕೆಳಗೆ ಮಂಜಿನಲ್ಲಿ ಇಬ್ಬರೂ ಪಾರ್ಕನ್ನು ಸುತ್ತಿ, ಗೇಟಿನ ತನಕ ಹೋದರು. ಅಲ್ಲಿ ಕಾವಲಿನವನು, "ಅಂಕಲ್‌ಜೀ, ದಫ್ತರ್ ಸೇ ಛುಟ್ಟೀ ಹೋ ಗಯೀ?" ಎಂದು, ಹೆಗಲ ಚೀಲ ನೋಡಿ, ಕಚೇರಿ ಬಿಟ್ಟಿತೇ ಎಂದು ವಿಚಾರಿಸಿದ್ದು ಮೇಲಕ್ಕೆ ಕೇಳಿಸಿತು. "ಹೋ ಗಯೀ ಭಯ್ಯಾ," ಎಂದರು ಬಸಪ್ಪ. ಕೆಲಸ ಮುಗಿಸಿ ಬರುವವನ ದನಿ. ಇಬ್ಬರೂ ತಿರುಗಿದರು.

ಬಾಗಿಲು ತೆರೆದೇ ಇತ್ತು. ಬಸಪ್ಪ ಒಳಗೆ ಬಂದರು, ಚಪ್ಪಲಿ ಬಿಟ್ಟರು. ಕೈ ತಾನಾಗಿ ಎದ್ದು ಚೀಲವನ್ನು ಎಡಗಡೆಯ ಗೂಟಕ್ಕೆ ಹಾಕಿತು. ಚೀಲ ಬೀಳಲಿಲ್ಲ. ಮಫ್ಲರು ಮಫ್ಲರಿನ ಜಾಗಕ್ಕೆ ಹೋಯಿತು, ಕನ್ನಡಕ ಅಮೃತಶಿಲೆಯ ಮೂಲೆಗೆ. ಕಣ್ಣು ಹಾಯಿಸದೆಯೇ ಎಲ್ಲ ನಡೆಯಿತು, ನಾವೆಲ್ಲ ನಮ್ಮ ನಮ್ಮ ಮನೆಯಲ್ಲಿ ಮಾಡುವ ಹಾಗೆ. ಬಚ್ಚಲಿಗೆ ಹೋಗಿ ಕೈಕಾಲು ತೊಳೆದು ಬಂದು ಮಣೆಯ ಮೇಲೆ ಕೂತು, ಬಿಸಿಗೆ ಅಂಗೈ ಚಾಚಿ, ಸುಣ್ಣದ ಎಳೆಯ ಮೇಲೆ ಒಂದು ಬೆರಳು ಆಡಿಸಿದರು.

"ಅವ್ವ ಬಳಿದಳಾ?"

"ಇಲ್ಲ, ನಾನು," ಎಂದರು ರತ್ನಮ್ಮ.

"ಚೆನ್ನಾಗಿದೆ."

ನನ್ನ ತಲೆಯಲ್ಲಿ ಇಲ್ಲದ ಕೂದಲೂ ನಿಮಿರಿ ನಿಂತವು. ತಾಜಮಹಲಿನ ಮುಂದೆ ನಿಂತಾಗ ನಾನು ಕಡಲೆಕಾಯಿ ತಿನ್ನುತ್ತಿದ್ದವನು. ಇಲ್ಲಿ ಕೈಯಲ್ಲಿದ್ದ ಎಳ್ಳು ಬೆಲ್ಲವನ್ನು ಬಾಯಿಗೆ ಹಾಕಿಕೊಳ್ಳುವುದೂ ಮರೆತುಹೋಯಿತು. ಸಾತ್ವಿಕ್ ಫೋನ್ ಹಿಡಿದು ಒಳಗೆ ಹೋದ. ನಾಳೆ ಬರುವುದಿಲ್ಲ, ಮುಂದೆಯೂ ಬೇಡ ಎಂದು ಯಾರಿಗೋ ಹೇಳುವುದು ಕೇಳಿಸಿತು. ಹೊರಬಂದವನು ತಂದೆಯ ಪಕ್ಕ ನೆಲದ ಮೇಲೆ ಕೂತ.

ಬಸಪ್ಪ ತಲೆಯೆತ್ತಿ ನನ್ನನ್ನು ಕಂಡರು. "ಏನು ಮೂರ್ತಿ, ಇನ್ನೂ ಇಲ್ಲೇ ಇದ್ದೀಯಾ? ಕತ್ತಲಾಯ್ತಲ್ಲ. ಮನೇಲಿ ಕಾಯ್ತಿರ್ತಾರೆ, ಹೊರಡು."

ಹೊರಟೆ. ರತ್ನಮ್ಮ ಬಾಗಿಲ ತನಕ ಬಂದರು. ಅವರಿಗೆ ಏನಾದರೂ ದೊಡ್ಡ ಮಾತು ಹೇಳಬೇಕೆನಿಸಿತು, ಬಾಯಿಗೆ ಬಂದದ್ದು ಒಳಗಿನ ಹೆದರಿಕೆ.

"ರತ್ನಮ್ಮನವರೇ, ಇವತ್ತೇನೋ ಆಯ್ತು. ಈ ಕಾಯಿಲೆ ಹೀಗೇ ನಿಲ್ಲಲ್ಲ. ನಾಳೆ ಅವರು ಇನ್ಯಾವುದೋ ಮನೆ ಕೇಳಿದರೆ?"

"ಕೇಳಲಿ ಬಿಡಿ," ಎಂದರು. "ಮೊಳೆ ಇನ್ನೂ ಅರ್ಧ ಡಬ್ಬಿ ಇದೆ, ಗೋಡೇನೂ ಅರ್ಧ ಇದೆ. ನೀವು ಹೀಗೆ ಬಾಗಿಲು ತೆಗೆದು ನಿಂತು ವೇದಾಂತ ಕೇಳಿದ್ರೆ ಮಾತ್ರ ಬೆಚ್ಚಗಿರೋದೆಲ್ಲ ಹೊರಗೆ ಹೋಗುತ್ತೆ. ಹಾಕ್ಕೊಂಡು ಹೋಗಿ."