ಮಲ್ಲಪ್ಪ ಮಾಮಾ ದಾಟಿಸಿದ ವಾಯರ್

ಇವತ್ತು ಬೆಳಿಗ್ಗೆ ನಮ್ಮ ಬಿಲ್ಡಿಂಗಿನ ಲಿಫ್ಟಿಗೆ ನನ್ನ ಹಿಂದೆಯೇ ಒಂದು ಸೈಕಲ್ಲು ಹತ್ತಿತು, ಅದರ ಹಿಂದೆ ಅದರ ಯಜಮಾನ. ವಿಲೆ ಪಾರ್ಲೆಯ ಹಳೇ ಬಿಲ್ಡಿಂಗುಗಳ ಲಿಫ್ಟು ಎಷ್ಟಿರುತ್ತದೆಂದು ನಿಮಗೆ ಹೇಳಬೇಕಾಗಿಲ್ಲ, ನನ್ನ ಹೊಟ್ಟೆಯೊಂದೇ ಅರ್ಧ ಜಾಗ ತಿನ್ನುತ್ತದೆ. ಹ್ಯಾಂಡಲ್ಲು ಪಕ್ಕೆಗೆ ತಿವಿಯುತ್ತಿದ್ದರೂ ಬಗ್ಗಿ ನೋಡಿದೆ. ಬ್ರೇಕಿನ ವಾಯರ್ ಹ್ಯಾಂಡಲ್ಲಿನ ಹತ್ತಿರ ಒಂದು ತೂತಿನೊಳಗೆ ಮಾಯವಾಗಿ, ಸೀಟಿನ ಕೆಳಗೆ ಇನ್ನೊಂದು ತೂತಿನಿಂದ ಹೊರಬಂದಿತ್ತು. "ಕ್ಯಾ ಹುವಾ, ಅಂಕಲ್?" ಎಂದ ಆತ. ಏನಿಲ್ಲ ಎಂದೆ. ಕಣ್ಣು ಮಾತ್ರ ಆ ತೂತನ್ನು ಬಿಟ್ಟು ಕದಲಲಿಲ್ಲ.

ಕದಲುವುದಾದರೂ ಹೇಗೆ? ಅಂಥದೇ ವಾಯರಿನ ಮುಂದೆ ಒಂದು ಇಡೀ ಸಂಜೆ ಕಣ್ಣಿಟ್ಟು ಕೂತವನು ನಾನು. ಕುರ್ಲಾದಲ್ಲಿ ನನ್ನ ಅಕ್ಕನ ಗಂಡ ಮಲ್ಲಪ್ಪನವರ ಸೈಕಲ್ ರಿಪೇರಿ ಅಂಗಡಿ ಇತ್ತು. ಅಕ್ಕನ ಗಂಡನಿಗೆ ನಮ್ಮ ಬಾಗಲಕೋಟೆ ಕಡೆ ಮಾಮಾ ಎನ್ನುತ್ತೇವೆ. ಅಂಗಡಿ ಎಂದರೆ ದೊಡ್ಡದೇನಲ್ಲ, ಎರಡು ಚಾಳುಗಳ ನಡುವಿನ ಸಂದಿಗೆ ಒಂದು ಶಟರ್ ಕೂಡಿಸಿದ್ದರು, ಅಷ್ಟೇ. ಕೆಲವು ಕಾಲದಿಂದ ಮಾಮಾ ಅವರ ಬಲಗೈ ನಡುಗುತ್ತಿತ್ತು. ಚಹಾ ಬಾಯಿ ಮುಟ್ಟುವಷ್ಟರಲ್ಲಿ ಅರ್ಧ ಅಂಗಿಯ ಪಾಲಾಗುತ್ತಿತ್ತು. ಆದರೂ ಅವರು ಅಂಗಡಿ ಬಿಟ್ಟಿರಲಿಲ್ಲ. ಅಕ್ಕನಿಗೂ ಅದೇ ಬೇಕಿತ್ತು. "ಮನ್ಯಾಗ ಕುಂತ್ರ ಈ ಮನಷ್ಯಾ ಉಳಿಯಂಗಿಲ್ಲ, ತಮ್ಮಾ" ಎಂದು ನನ್ನೆದುರು ಅತ್ತಿದ್ದಳು.

ಆ ದಿನ ಅವಳ ಫೋನು ಬಂತು. "ಲಗೂನ ಬಾ. ಇವರು ಹಟಕ್ಕ ಬಿದ್ದಾರ." ಹೋಗಿ ನೋಡಿದರೆ ಮಾಮಾ ಮುಂದೆ ಬೆಳ್ಳಗೆ ಹೊಳೆಯುವ ಸೈಕಲ್ಲು, ಪಕ್ಕದ ಸ್ಟೂಲಿನಲ್ಲಿ ಅದರ ಒಡತಿ, ಒಬ್ಬ ಹುಡುಗಿ. ದಾದರಿಗೆ ಅದರ ಮೇಲೇ ಕೆಲಸಕ್ಕೆ ಹೋಗುವವಳು. ಹಿಂದಿನ ಬ್ರೇಕ್ ವಾಯರ್ ತುಂಡಾಗಿತ್ತು.

"ಈ ವಾಯರ್ ದಾಟಲಿಲ್ಲಂದ್ರ ನಾಳಿಂದ ಶಟರ್ ಎತ್ತಂಗಿಲ್ಲ. ಕೇಳ್ರಿ ಮಾಸ್ತರ, ನೀವೇ ಸಾಕ್ಷಿ" ಎಂದರು ಮಾಮಾ. ನಾನು ಶಾಲೆ ಮಾಸ್ತರ. ಸಾಕ್ಷಿ ನಿಲ್ಲುವುದು ಬಿಟ್ಟರೆ ಅಂಥ ಕಡೆ ನನ್ನಿಂದ ಆಗುವುದೇನೂ ಇಲ್ಲವೆಂದು ಅವರಿಗೂ ಗೊತ್ತಿತ್ತು.

ತೊಡಕು ಆಗಲೇ ಆಗಿಹೋಗಿತ್ತು. ಮಾಮಾ ಜೀವಮಾನವಿಡೀ ರಿಪೇರಿ ಮಾಡಿದ್ದು ಹಾಲಿನವರ, ಪಾವ್ ಬ್ರೆಡ್ ಮಾರುವವರ ಸೈಕಲ್ಲು. ಅವುಗಳ ವಾಯರ್ ಮೈಮೇಲೆಯೇ ಹಾದುಹೋಗುತ್ತದೆ. ಕತ್ತರಿಸು, ಸರ್ರನೆ ಎಳೆ, ಎಸೆ. ಆ ರೂಢಿಯಲ್ಲೇ, ಮೈಯ ಕೊಳವೆಯೊಳಗೆ ಹಾದುಹೋಗುವ ಇದನ್ನೂ ಎಳೆದೆಸೆದಿದ್ದರು. ಎಳೆಯುವ ಮೊದಲು ಅದರ ತುದಿಗೆ ದಾರ ಕಟ್ಟಿದ್ದರೆ ದಾರ ಒಳಗೆ ಉಳಿದು ಹೊಸದಕ್ಕೆ ದಾರಿ ತೋರಿಸುತ್ತಿತ್ತು. ಈಗ ಕೊಳವೆ ಖಾಲಿ.

"ಅಯ್ಯ ನನ್ನ ಶಿವನ! ಪರಕರದ ಲಾಡಿ ತಗಿಯೋಮುಂದ ಹೊಸಾದಕ್ಕ ಗಂಟು ಹಾಕೇ ಎಳಿತೀವಿ. ಇಷ್ಟು ತಿಳೀಲಿಲ್ಲೇನ್ರಿ?" ಎಂದಳು ಅಕ್ಕ.

"ನೀ ಸುಮ್ಕಿರ. ಇದು ಪರಕರ ಅಲ್ಲ."

ಮುಂದಿನ ತೂತಿನಿಂದ ಹೊಸ ವಾಯರ್ ತುರುಕಿದರು. ಅದು ಒಳಗೆಲ್ಲೋ ಸುರುಳಿ ಸುತ್ತಿ ನಿಂತಿತು. ಎಳೆದು ಮತ್ತೆ ತುರುಕಿದರು. ಸೀಟಿನ ಕೆಳಗಿನ ತೂತಿಗೆ ಕಣ್ಣಿಟ್ಟು ಕೂತ ನನಗೆ ತುದಿ ಮಿಂಚಿದಂತಾಗುವುದು, ಅಷ್ಟರಲ್ಲಿ ಮಾಮಾ ಅವರ ಕೈ ನಡುಗುವುದು, ತುದಿ ಮಾಯ. "ಬಂತೇನು?" "ಇಲ್ಲ ಮಾಮಾ." ಹಾಗೆ ಹೇಳಿ ಹೇಳಿ ನನ್ನ ನಾಲಿಗೆ ಒಣಗಿತು. ಲೋಕಲ್ ಹಾದುಹೋದಾಗಲೆಲ್ಲ ಗೋಡೆ ಅದುರುತ್ತಿತ್ತು, ನನಗೆ ರೈಲಿನ ಮೇಲೂ ಸಿಟ್ಟು. ಹುಡುಗಿ ಮೆಲ್ಲಗೆ, "ಅಂಕಲ್, ರೆಹನೇ ದೋ ನಾ" ಎಂದಳು, ಬಿಡಿ, ಬೇರೆ ಕಡೆ ನೋಡುತ್ತೇನೆ ಎಂದು. ಅಕ್ಕ ರಸ್ತೆಯ ಕಡೆ ಮುಖ ತಿರುಗಿಸಿ ನಿಂತುಬಿಟ್ಟಳು. ಯಾಕೆ ಈ ಸುಡುಗಾಡು ಸೈಕಲ್ಲು ಇದೇ ಅಂಗಡಿಗೆ ಬಂತೋ ಎಂದು ನಾನು ಮನಸ್ಸಿನಲ್ಲೇ ಶಪಿಸಿದೆ.

ಮಾಮಾ ಒಡೆದ ಸ್ಪೀಕರಿನಿಂದ ಕಿತ್ತಿಟ್ಟಿದ್ದ ಮ್ಯಾಗ್ನೆಟ್ಟನ್ನು ಹುಡುಕಿ ತೆಗೆದರು. ಸೈಕಲ್ಲಿನ ಮೈ ಅಲ್ಯುಮಿನಿಯಂ, ಮ್ಯಾಗ್ನೆಟ್ಟು ಅದಕ್ಕೆ ಅಂಟುವುದಿಲ್ಲ, ಒಳಗಿನ ಉಕ್ಕಿನ ವಾಯರನ್ನಷ್ಟೇ ಸೆಳೆಯುತ್ತದೆ. ಎಡಗೈಯಲ್ಲಿ ಅದನ್ನು ಹೊರಗಿನಿಂದ ಸರಿಸುತ್ತ, ಬಲಮೊಣಕೈಯನ್ನು ಹೊಟ್ಟೆಗೆ ಒತ್ತಿಕೊಂಡು ಕೂದಲಷ್ಟು ಕೂದಲಷ್ಟೇ ವಾಯರ್ ಬಿಟ್ಟರು. ಹಣೆಯ ಬೆವರು ಕಣ್ಣಿಗಿಳಿದರೂ ಒರೆಸಿಕೊಳ್ಳಲಿಲ್ಲ. ನಾನು ಒರೆಸಲು ಹೋದರೆ, "ಮುಟ್ಟಬ್ಯಾಡ್ರಿ!" ಎಂದು ಗದರಿದರು.

ತೂತಿನಲ್ಲಿ ತುದಿ ಇಣುಕಿತು. ನಾನು ಇಕ್ಕಳದಲ್ಲಿ ಹಿಡಿದೆ. "ಬಂತು! ಮಾಮಾ, ಬಂತು!" ಮಾಸ್ತರನೆಂಬುದನ್ನೂ ಮರೆತು ಕುಣಿದುಬಿಟ್ಟೆ. ಮಾಮಾ ವಾಯರ್ ಬಿಗಿದು ಕೊಟ್ಟರು. ಹುಡುಗಿ ಸಂದಿಯ ತುದಿಯವರೆಗೆ ಹೋಗಿ ಬ್ರೇಕ್ ಒತ್ತಿದಳು. ಚಕ್ರ ನಿಂತಿತು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, "ನಾಳೆ ಲಗೂನ ಡಬ್ಬಿ ಕಟ್ಟತೀನ್ರಿ" ಎಂದಳು.

ಮಾಮಾ ಸಾಮಾನು ಒಳಗಿಟ್ಟು ಕೈ ತೊಳೆದರು. "ಡಬ್ಬಿ ಬ್ಯಾಡ. ಅಂಗಡಿ ಇವತ್ತಿಗೆ ಮುಗೀತು."

"ಅಯ್ಯ, ದಾಟಿತಲ್ರೀ! ಮತ್ತ್ಯಾಕ?"

"ದಾಟಿತು, ಅದಕ್ಕ. ಎತ್ತಂಗಿಲ್ಲ ಅಂತ ಆಗ ಸಿಟ್ಟಿಗೆ ಅಂದಿದ್ದೆ, ದಾಟಲಿಲ್ಲಂದ್ರ ನಾಳೆ ಮತ್ತ ಬರಬೇಕಾಗತಿತ್ತು. ಸೋತು ಮನೀಗೆ ಹೆಂಗ ಹೋಗ್ಲಿ?"

ಶಟರನ್ನು ತಾವೇ ಎಳೆದರು. ಅಕ್ಕ ರಸ್ತೆಯಲ್ಲೇ ಅತ್ತಳು. ಆ ಸಂಜೆ ನನಗೂ ಮಾಮಾ ಮೇಲೆ ವಿಪರೀತ ಕೋಪ ಬಂದಿತ್ತು. ಅಕ್ಕ ಹೆದರಿದಂತೆ ಮನೆಯಲ್ಲಿ ಕೂತು ಅವರು ಸೊರಗಲೂ ಇಲ್ಲ. ಈಗಲೂ ಅಂಗಿ ಮೇಲೆ ಚಹಾ ಚೆಲ್ಲಿಕೊಂಡು ಅಕ್ಕನ ಜೊತೆ ಪಲ್ಯಕ್ಕಾಗಿ ಜಗಳಾಡುತ್ತಾರೆ.

ಬರುವ ತಿಂಗಳು ನನ್ನ ನೌಕರಿ ಮುಗಿಯುತ್ತದೆ. ಇನ್ನೊಂದು ವರ್ಷ ಇಟ್ಟುಕೊಳ್ಳಿ ಎಂದು ಶಾಲೆಯವರ ಕೈಕಾಲು ಹಿಡಿಯುತ್ತಿದ್ದೆ. ಇವತ್ತು ಶಾಲೆಗೆ ಹೋದವನು ಆ ಮಾತೇ ಎತ್ತಲಿಲ್ಲ. ಸೋತು ಮನೆಗೆ ಹೋಗುವುದು ನನಗೂ ಬೇಡವಾಗಿತ್ತು. ಏಳನೇ ತರಗತಿಗೆ ಹೋಗಿ, ಬಹಳ ದಿನಗಳ ಮೇಲೆ, ಮನಸ್ಸಿಟ್ಟು ಪಾಠ ಮಾಡಿದೆ.